ಚೀಟಿ ಎತ್ತದವಳು

ಬೇಗ ಬಂದದ್ದೇ ತಪ್ಪಾಯಿತು. ಹಲಸೂರಿನ ಹತ್ತಿರ ಬಸ್ಸು ಸಿಕ್ಕಿಕೊಳ್ಳುತ್ತದೆ ಎಂದುಕೊಂಡೇ ಸಾಮಿಯಾ ಶಿವಾಜಿನಗರದಲ್ಲಿ ಬೇಗನೆ ಹತ್ತಿದ್ದಳು. ಬೇಸಿಗೆ ರಜೆಯಾದ್ದರಿಂದ ರಸ್ತೆ ಖಾಲಿಯಿತ್ತು, ಬಸ್ಸು ಎಲ್ಲಿಯೂ ತಡವರಿಸದೆ ಅವಳನ್ನು ಜೀವನ್ ಬಿಮಾ ನಗರದಲ್ಲಿ ಇಳಿಸಿಬಿಟ್ಟಿತು. ಶಾಲೆಯ ಗೇಟಿನ ಸಂದಿಯಲ್ಲಿ ನೋಡಿದರೆ ಒಳಗೆ ಆಯಾ ಮುನಿಶಾಮಮ್ಮ ಒಬ್ಬಳೇ, ಅಂಗಳಕ್ಕೆ ನೀರು ಹಾಕುತ್ತಿದ್ದಳು. ಈಗ ಹೋದರೆ ಖಾಲಿ ಕೋಣೆಯಲ್ಲಿ ಒಬ್ಬಳೇ ಕೂರಬೇಕು. ಆಮೇಲೆ ಬರುವವರೆಲ್ಲ 'ಏನ್ರೀ, ಇಷ್ಟ್ ಬೇಗ?' ಎಂದು ಕೇಳುತ್ತಾರೆ, ಒಬ್ಬೊಬ್ಬರಿಗೂ ಹೊಸದಾಗಿ ನಗಬೇಕು. ನಗುವುದರಲ್ಲೇ ಅರ್ಧ ದಿನದ ಶಕ್ತಿ ಹೋಗುತ್ತದೆ. ಏನೋ ಕೆಲಸವಿರುವವಳಂತೆ ಅವಳು ಗೇಟನ್ನು ದಾಟಿ ಹೊಸ ತಿಪ್ಪಸಂದ್ರದ ಕಡೆ ನಡೆದಳು.

ಮಾರ್ಕೆಟ್ ರಸ್ತೆಯಲ್ಲಿ ಅಂಗಡಿಗಳು ಆಗಷ್ಟೇ ಶಟರು ಎತ್ತುತ್ತಿದ್ದವು. ಯೂನಿಫಾರಂ ಮಾರುವ ಅಂಗಡಿಯೊಂದರ ಮೆಟ್ಟಿಲ ಮೇಲೆ ಒಬ್ಬ ತಾಯಿ ಮಗಳ ಸೊಂಟಕ್ಕೆ ನೀಲಿ ಸ್ಕರ್ಟು ಹಿಡಿದು ನೋಡುತ್ತಿದ್ದಳು. ಸ್ಕರ್ಟು ಹುಡುಗಿಯ ಮೀನಖಂಡದವರೆಗೆ ಇಳಿದಿತ್ತು. 'ಇರ್ಲಿ ಬಿಡಿ, ಹತ್ತನೇ ಕ್ಲಾಸ್‌ಗಂಟ ಬರ್ಬೇಕು' ಎಂದು ತಾಯಿ ಅಂಗಡಿಯವನಿಗೆ ಹೇಳಿದಳು. ಹುಡುಗಿ ಕೈಗಳನ್ನು ಎರಡೂ ಕಡೆಗೆ ಚಾಚಿ, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಎದುರಿನ ಬೇಕರಿಯನ್ನು ನೋಡುತ್ತ ನಿಂತಿದ್ದಳು. ಸಾಮಿಯಾ ಆ ಚಾಚಿದ ಕೈಗಳನ್ನು ನೋಡುತ್ತ ನಿಂತಳು. ತನ್ನ ಸ್ಕರ್ಟನ್ನೂ ಅಮ್ಮಿ ಹೀಗೆಯೇ ದೊಡ್ಡದಾಗಿ ಹೊಲಿಸಿದ್ದಳು, ಒಳಗೆ ಮೂರು ಮಡಿಕೆ ಹಾಕಿ, ವರ್ಷಕ್ಕೊಂದು ಬಿಚ್ಚಲೆಂದು. ಮೊದಲನೆಯದನ್ನು ಬಿಚ್ಚುವ ಮೊದಲೇ ಎಂಟನೇ ತರಗತಿ ಅರ್ಧಕ್ಕೆ ನಿಂತಿತು. ಅಮ್ಮಿಯ ಬೆನ್ನು ಹಿಡಿದುಕೊಂಡಿತ್ತು. ಒಂದು ವಾರ ಮನೆ ನೋಡಿಕೋ ಎಂದಿದ್ದರು. ಆ ಸ್ಕರ್ಟಿನ ಬಟ್ಟೆ ಆಮೇಲೆ ಅಬ್ಬಾನ ಹಾಸಿಗೆ ಅಂಗಡಿಯಲ್ಲಿ ಯಾರದೋ ದಿಂಬಿಗೆ ಹೋಯಿತು. ಹುಡುಗಿ ಕೈ ಇಳಿಸಿ ಮೆಟ್ಟಿಲಿಳಿದು ಹೋದಮೇಲೂ ತಾನಿನ್ನೂ ಅಲ್ಲೇ ನಿಂತಿದ್ದೇನೆಂದು ಸಾಮಿಯಾಗೆ ತಿಳಿದದ್ದು ಅಂಗಡಿಯವನು 'ನಿಮ್ಗೆ ಯಾವ್ ಸೈಜ್ ಮೇಡಂ?' ಎಂದಾಗ. ಫೋನಿನಲ್ಲಿ ಸಮಯ ನೋಡಿಕೊಂಡಳು. ತರಬೇತಿ ಶುರುವಾಗಿ ಬಹಳ ಹೊತ್ತಾಗಿತ್ತು.

ಇವತ್ತು ತಡವಾಗಬಾರದಿತ್ತು. ಹೊಸದಾಗಿ ಸೇರಿದ ಟೀಚರುಗಳಿಗೆ ನಡೆಯುತ್ತಿದ್ದ ತರಬೇತಿಯ ಕೊನೆಯ ದಿನ ಇದು. ಎಲ್ಲರಿಗೂ ಜೂನ್‌ನಿಂದ ಒಂದೊಂದು ತರಗತಿ ಗೊತ್ತಾಗಿತ್ತು. ಉಳಿದದ್ದು ಎಂಟನೆಯದು ಮಾತ್ರ, ಅದಕ್ಕೆ ಇಬ್ಬರು, ಅವಳು ಮತ್ತು ಲಕ್ಷ್ಮಿಕಾಂತ. 'ನಾಳೆ ಲಕ್ಷ್ಮಿಕಾಂತ್ ಪಾಠ ನೋಡಿ ಹೇಳ್ತೀನಿ' ಎಂದು ತರಬೇತಿ ಕೊಡುವ ವೆಂಕಟಮ್ಮ ಮೇಡಂ ನಿನ್ನೆ ಎಲ್ಲರೆದುರೇ ಹೇಳಿದ್ದರು. ಸಿಗದವರು ಆಫೀಸಿನಲ್ಲಿ ಕೂತು ಚಾರ್ಟು ಕತ್ತರಿಸಬೇಕು, ಯಾರಾದರೂ ರಜೆ ಹಾಕಿದ ದಿನ ಅವರ ತರಗತಿಗೆ ಹೋಗಿ ಮಕ್ಕಳನ್ನು ಸುಮ್ಮನಿರಿಸಬೇಕು. ಸಾಮಿಯಾಳ ಪಾಠ ನಿನ್ನೆಯೇ ಮುಗಿದಿತ್ತು. ಕೆಟ್ಟದಾಗೇನೂ ಆಗಲಿಲ್ಲ. ಆದರೆ ಕೊನೆಯ ಬೆಂಚಿನಿಂದ ಸುಜಾತಾ 'ಮಿಸ್, ವಾಲ್ಯೂಮ್ ಜಾಸ್ತಿ ಮಾಡಿ ಮಿಸ್' ಎಂದಾಗ ಎಲ್ಲರೂ ನಕ್ಕದ್ದು, ತಾನೂ ನಕ್ಕದ್ದು, ನಗುತ್ತಲೇ ದನಿ ಇನ್ನಷ್ಟು ಇಳಿದುಹೋದದ್ದು ರಾತ್ರಿಯೆಲ್ಲ ಗಂಟಲಲ್ಲಿತ್ತು. ಬೆಳಿಗ್ಗೆ ಬುರ್ಖಾದ ಗುಂಡಿ ಹಾಕಿಕೊಳ್ಳುವಾಗ ಅಮ್ಮಿ ಮಲಗಿದಲ್ಲಿಂದಲೇ 'ಶರ್ಮಾ ನಕ್ಕೊ ಬೇಟಾ' ಎಂದಿದ್ದಳು. ನಾಚಬೇಡ ಎಂದು ಹೇಳಿದ ಕೂಡಲೇ ನಾಚಿಕೆ ಇನ್ನೂ ಸ್ವಲ್ಪ ಹೆಚ್ಚಾಗುತ್ತದೆ ಎಂಬುದು ಅಮ್ಮಿಗೆ ಇಷ್ಟು ವರ್ಷವಾದರೂ ಗೊತ್ತಾಗಿರಲಿಲ್ಲ.

ಬಾಗಿಲ ಬಳಿ ಬಂದಾಗ ಪಾಠ ನಡೆಯುತ್ತಿತ್ತು. ಕ್ಷಮೆ ಕೇಳಬೇಕೆಂದು ವೆಂಕಟಮ್ಮನವರಿಗಾಗಿ ಕಣ್ಣಾಡಿಸಿದಳು. ಅವರು ಕಿಟಕಿಯ ಪಕ್ಕ ಫೈಲು ಬಿಚ್ಚಿಕೊಂಡು ಏನೋ ಬರೆಯುತ್ತ ಕೂತಿದ್ದರು, ತಲೆಯೆತ್ತಲಿಲ್ಲ. ಬೋರ್ಡಿನ ಬಳಿಯಿಂದ ಲಕ್ಷ್ಮಿಕಾಂತ ಅವಳನ್ನು ನೋಡಿದ. ನೀಟಾಗಿ ಇಸ್ತ್ರಿ ಹಾಕಿದ ತಿಳಿ ಹಳದಿ ಅಂಗಿ ತೊಟ್ಟಿದ್ದ, ಸೀಮೆಸುಣ್ಣದ ಪುಡಿ ಆಗಲೇ ತೋಳಿಗೆ ಹತ್ತಿತ್ತು.

'ಬಾಮ್ಮ. ಬಂದಿದ್ದು ಒಳ್ಳೇದಾಯ್ತು. ಕೂತ್ಕೊ, ಇನ್ನೂ ಏನೂ ಮುಗ್ದಿಲ್ಲ' ಎಂದ.

ನಿನ್ನೆಯವರೆಗೆ ಅವನು ಅವಳನ್ನು 'ರೀ' ಎಂದೇ ಮಾತನಾಡಿಸುತ್ತಿದ್ದ. ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ಖಾಲಿಯಿದ್ದದ್ದು ಕೊನೆಯ ಬೆಂಚಿನ ತುದಿ ಮಾತ್ರ. ಅಲ್ಲಿ ಕೂತಾದಮೇಲೆ, ಪಕ್ಕದಲ್ಲಿದ್ದ ಮಾನಮ್ಮ ಎರಡು ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಕಾಲು ಆಡಿಸುತ್ತಿರುವುದನ್ನೂ, ಮುಂದೆ ಸುಜಾತಾ ಯಾರದೋ ಬೆನ್ನಿಗೆ ಪೆನ್ನಿನ ಮುಚ್ಚಳ ಎಸೆಯುವುದನ್ನೂ ನೋಡಿದಮೇಲೆ ಅವಳಿಗೆ ನೆನಪಾಯಿತು. ಇವತ್ತೂ ಮಕ್ಕಳಾಗಿ ಕೂರುವ ಆಟ. ವೆಂಕಟಮ್ಮನವರ ಸ್ಟೀಲಿನ ಡಬ್ಬಿಯಲ್ಲಿ ಚೀಟಿಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಬಗೆಯ ಮಗು. ಒಬ್ಬೊಬ್ಬರೂ ಒಂದು ಎತ್ತಿಕೊಂಡು, ಯಾರಿಗೂ ತೋರಿಸದೆ, ಪಾಠ ಮುಗಿಯುವವರೆಗೆ ಆ ಮಗುವಿನಂತೆಯೇ ಇರಬೇಕು. ಯಾವ ಬೆಂಚಿನಲ್ಲಿ ಯಾವ ಮಗು ಇದೆ ಎಂದು ಪಾಠ ಮಾಡಿದವರು ಕೊನೆಗೆ ಗುರುತಿಸಬೇಕು. 'ಮಗೂನ ಗುರುತಿಸಕ್ಕೆ ಬರ್ದೆ ಇರೋರ್ ಕೈಗೆ ನಾನ್ ಕ್ಲಾಸ್ ಕೊಡಲ್ಲ' ಎಂದು ವೆಂಕಟಮ್ಮ ಮೊದಲ ದಿನವೇ ಹೇಳಿದ್ದರು. ಡಬ್ಬಿ ಅವರ ಫೈಲಿನ ಪಕ್ಕದಲ್ಲಿತ್ತು. ಎದ್ದುಹೋಗಿ ತನ್ನ ಚೀಟಿ ಎತ್ತಿಕೊಳ್ಳಬೇಕೆಂದರೆ ಇಡೀ ಕೋಣೆಯನ್ನು ಅಡ್ಡ ಹಾಯಬೇಕಾಗಿತ್ತು. ಲಕ್ಷ್ಮಿಕಾಂತ ಅವಳನ್ನು ತಡವಾಗಿ ಬರುವ ಮಗು ಎಂದುಕೊಂಡೇ ಹಾಗೆ ಕರೆದದ್ದು. ಅವಳು ಈಗ ಎದ್ದರೆ ಅವನ ಆ ಒಳ್ಳೆಯ ಮಾತು ಹಾಳಾಗುತ್ತದೆ. ಹೀಗೆಲ್ಲ ಯೋಚಿಸಿಕೊಂಡು ಕೂತಳು. ಇದು ಕಾರಣವಲ್ಲ, ನೆಪ ಎಂಬುದೂ ಅವಳಿಗೆ ಗೊತ್ತಿತ್ತು.

ಪಾಠ ಘರ್ಷಣೆಯದು. ಲಕ್ಷ್ಮಿಕಾಂತ ಎರಡು ದಪ್ಪ ನೋಟ್‌ಬುಕ್ಕುಗಳನ್ನು ತಂದಿದ್ದ. ಒಂದರ ಹಾಳೆಯ ಮೇಲೆ ಇನ್ನೊಂದರ ಹಾಳೆ, ಅದರ ಮೇಲೆ ಮತ್ತೆ ಇದರದು, ಹೀಗೆ ಮೊದಲಿಂದ ಕೊನೆಯವರೆಗೆ ಒಂದರೊಳಗೊಂದು ಸೇರಿಸಿದ್ದ. ಅಂಟಿಲ್ಲ, ದಾರವಿಲ್ಲ. ರಾತ್ರಿಯೆಲ್ಲ ಕೂತು ಸೇರಿಸಿರಬೇಕು. 'ಯಾರಾದ್ರೂ ಇಬ್ರು ಬನ್ನಿ, ಎಳ್ದು ಬಿಡಿಸಿ ನೋಡೋಣ' ಎಂದ. ಸುಜಾತಾ ಹಾರಿ ಬಂದಳು, ಜೊತೆಗೆ ಮಾನಮ್ಮನನ್ನೂ ಎಳೆದುಕೊಂಡು. ಇಬ್ಬರೂ ಒಂದೊಂದು ಪುಸ್ತಕದ ಬೆನ್ನು ಹಿಡಿದು ಎಳೆದರು, ಹಿಂದಕ್ಕೆ ವಾಲಿ ಎಳೆದರು. ಮಾನಮ್ಮ ನಕ್ಕು ನಕ್ಕು ಉಸಿರು ಸಿಕ್ಕಿಕೊಂಡು 'ಯವ್ವಾ, ಬಿಡವಲ್ದು ಸರ!' ಎಂದಳು. ಅವಳು ಕೆ.ಆರ್. ಪುರದಿಂದ ಬರುವವಳು, ಮನೆಯವರು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಟಿನ್ ಫ್ಯಾಕ್ಟರಿ ಹಿಂದೆ ಬಾಡಿಗೆ ರೂಮಿನಲ್ಲಿದ್ದರು. ಮಾತೆತ್ತಿದರೆ ನಗು, ಮಧ್ಯಾಹ್ನದ ಡಬ್ಬಿಯ ರೊಟ್ಟಿಯನ್ನು ಬೇಡವೆಂದರೂ ಮುರಿದು ಕೈಗಿಡುವವಳು. ಇವತ್ತು ಅವಳ ನಗು ಯಾಕೋ ಒಂದು ಹಿಡಿ ಜಾಸ್ತಿಯೇ ಇತ್ತು. ವಟವಟ ಮಾತಾಡುವ ಮಗುವಿನ ಚೀಟಿ ಬಂದಿರಬೇಕು ಎಂದು ಸಾಮಿಯಾ ಅಂದುಕೊಂಡಳು.

'ಸರಿ. ಅಂಟಿಲ್ಲ, ಗಂಟಿಲ್ಲ. ಮತ್ಯಾಕೆ ಬಿಡ್ತಿಲ್ಲ?' ಲಕ್ಷ್ಮಿಕಾಂತ ಕೇಳಿದ. ಎತ್ತಿದ ಕೈಗಳನ್ನೆಲ್ಲ ದಾಟಿ ಅವನ ಕಣ್ಣು ಕೊನೆಯ ಬೆಂಚಿಗೆ ಬಂದು ನಿಂತಿತು. 'ನೀನ್ ಹೇಳಮ್ಮ.'

ಉತ್ತರ ಅವಳಿಗೆ ಗೊತ್ತಿತ್ತು. ಹತ್ತನೆಯದನ್ನು ಖಾಸಗಿಯಾಗಿ ಕಟ್ಟುವಾಗ, ಹಾಸಿಗೆಯ ಕವರುಗಳಿಗೆ ಕಾಜ ಹಾಕುತ್ತ, ಅಂಗಡಿಯ ಅರಳೆ ಮೂಟೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು ಓದಿದ ಪಾಠ ಅದು. ಒಂದೊಂದು ಹಾಳೆಯ ಹಿಡಿತ ಚಿಕ್ಕದು, ಎಲ್ಲ ಸೇರಿದರೆ ಬಿಡಿಸಲಾರದಷ್ಟು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅವಳಿಗೆ ಒಂದು ವಿಚಿತ್ರ ಗೊಂದಲ ಬಂತು. ಉತ್ತರ ಸಾಮಿಯಾ ಟೀಚರಿಗೆ ಗೊತ್ತು. ಆದರೆ ಈ ಬೆಂಚಿನಲ್ಲಿ ಕೂತ ಹುಡುಗಿಗೆ? ಚೀಟಿಯನ್ನೇ ಎತ್ತದಿದ್ದರೆ ತಾನು ಯಾವ ಹುಡುಗಿ, ಅವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ? ಲಕ್ಷ್ಮಿಕಾಂತ ಕಾಯುತ್ತಿದ್ದ. ಪ್ರಶ್ನೆ ಕೇಳಿದ ಮೇಲೆ ಕಾಯಬೇಕೆಂದು ಕಲಿಸಿದ್ದರು. ಸುಮ್ಮನೆ ಕಾಯಲು ಯಾರಿಗೂ ಆಗುವುದಿಲ್ಲವೆಂದು, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ನಡೆಸಿಕೊಂಡು ಹೋಗಿ ಎಂದು ವೆಂಕಟಮ್ಮ ತೋರಿಸಿಕೊಟ್ಟಿದ್ದರು. ಲಕ್ಷ್ಮಿಕಾಂತನ ಹೆಬ್ಬೆರಳು ಪ್ಯಾಂಟಿನ ಪಕ್ಕದಲ್ಲಿ ನಿಧಾನವಾಗಿ ನಡೆಯುತ್ತಿತ್ತು. ಅಮ್ಮಿ ನಮಾಜಿನ ನಂತರ ಜಪ ಎಣಿಸುವುದೂ ಹೀಗೆಯೇ, ಗೆಣ್ಣಿನಿಂದ ಗೆಣ್ಣಿಗೆ, ಏನನ್ನೋ ಮುಟ್ಟಿ ಮುಟ್ಟಿ ಇದೆಯೆಂದು ಖಾತರಿ ಮಾಡಿಕೊಳ್ಳುವಂತೆ. ಅವತ್ತು ಯಾರೂ ಎಣಿಸಿರಲಿಲ್ಲ. ಎಂಟನೆಯ ತರಗತಿಯಲ್ಲಿ ಟೀಚರು ಅವಳನ್ನೆಬ್ಬಿಸಿ ಏನೋ ಕೇಳಿದ್ದರು. ಉತ್ತರ ಬಾಯಿಯವರೆಗೆ ಬಂದಿತ್ತು, ಅದನ್ನು ಉರ್ದುವಿನಿಂದ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ 'ಕೂತ್ಕೊ, ನೆಕ್ಸ್ಟ್' ಎಂದಾಗಿತ್ತು. ಬೈಯಲಿಲ್ಲ, ಹೊಡೆಯಲಿಲ್ಲ. ಕೂತಳು. ಅದೇ ಆ ಶಾಲೆಯಲ್ಲಿ ಅವಳ ಕೊನೆಯ ದಿನವಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮನೆಗೆ ಹೋದಾಗ ಅಮ್ಮಿ ನೆಲದ ಮೇಲೆ ಮಲಗಿದ್ದಳು. ಆಮೇಲೆ ಶಾಲೆಯಿಂದ ಯಾರೂ ಕೇಳಿಕೊಂಡು ಬರಲಿಲ್ಲ. ಬಂದಿದ್ದರೆ ಹೋಗುತ್ತಿದ್ದೆನೇ ಎಂದು ಕೇಳಿಕೊಂಡರೆ ಹೌದೆನ್ನಲು ಧೈರ್ಯವಿರಲಿಲ್ಲ. ಆ ದಿನದ ಕೆಳಗೆ ಒಂದು ಸಣ್ಣ ಬಿಡುಗಡೆಯೂ ಇತ್ತು, ನಾಳೆ ಏಳಿಸಿ ಕೇಳುವವರಿಲ್ಲ ಎಂಬುದು. ಅಮ್ಮಿಯ ನೋವಿನ ಮರೆಯಲ್ಲಿ ತನಗೆ ಸಿಕ್ಕಿದ್ದ ಆ ಬಿಡುಗಡೆಯನ್ನು ಅವಳು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಹೆಬ್ಬೆರಳು ಕಿರುಬೆರಳಿನ ತುದಿಗೆ ಬಂದು ನಿಂತಿತು. ಎಲ್ಲರೂ ಹಿಂತಿರುಗಿ ನೋಡುತ್ತಿದ್ದರು. ಲಕ್ಷ್ಮಿಕಾಂತ ಬೆಂಚುಗಳ ನಡುವೆ ನಡೆದು ಬಂದು, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದ. 'ಪರ್ವಾಗಿಲ್ಲ. ನಾಳೆ ಹೇಳು. ನಾನ್ ನಾಳೆನೂ ಇದನ್ನೇ ಕೇಳ್ತೀನಿ, ಬಾ.'

ಅವನ ಕಿವಿಯ ಹಿಂದೆ ಒಂದಿಷ್ಟು ಪೌಡರು ಸರಿಯಾಗಿ ಒರೆಸದೆ ಉಳಿದಿತ್ತು. ಸಾಮಿಯಾ ಅದನ್ನೇ ನೋಡಿದಳು. ಬೇರೆ ಎಲ್ಲಿ ನೋಡಿದರೂ ಕಣ್ಣೀರು ಬರುವಂತಿತ್ತು, ಅದನ್ನು ನೋಡಿದರೂ ಬಂತು.

ಪಾಠ ಮುಗಿದಮೇಲೆ ಗುರುತಿಸುವ ಸರದಿ. ಲಕ್ಷ್ಮಿಕಾಂತ ಡಸ್ಟರನ್ನು ಕೈಯಿಂದ ಕೈಗೆ ಹಾಕಿಕೊಳ್ಳುತ್ತ ಒಬ್ಬೊಬ್ಬರನ್ನೇ ಹೇಳುತ್ತ ಹೋದ. ಸುಜಾತಾ ತರಲೆ ಮಗು. 'ಅದ್ಕೆ ಚೀಟಿ ಬೇಕಿರ್ಲಿಲ್ಲ ಬಿಡಿ' ಎಂದು ಯಾರೋ ಅಂದರು, ಸುಜಾತಾ ಎದ್ದು ಬಾಗಿ ವಂದಿಸಿದಳು. ಒಬ್ಬರು ಕನ್ನಡಕ ಬೇಕಾದರೂ ಹೇಳದ ಮಗು, ಇನ್ನೊಬ್ಬರು ತಿಂಡಿ ತಿನ್ನದೆ ಬರುವ ಮಗು. ಎಲ್ಲ ಸರಿಯಾಗಿತ್ತು. ಮಾನಮ್ಮ ಮಾತಿನ ಮಲ್ಲಿ ಎಂದ. ಮಾನಮ್ಮ ಜಡೆಯ ತುದಿಯನ್ನು ತಿರುವಿದಳು. ಆಮೇಲೆ ಅವನು ಕೊನೆಯ ಬೆಂಚಿನ ತುದಿಯನ್ನು ನೋಡಿದ. ಡಸ್ಟರನ್ನು ಮೇಜಿನ ಮೇಲಿಟ್ಟ.

'ಈ ಮಗು ಓದು ಬಿಡುತ್ತೆ ಮೇಡಂ. ಇನ್ನು ಕೆಲವೇ ದಿನ. ಬಿಟ್ಮೇಲೆ ನಮಗೆ ಗೊತ್ತೂ ಆಗಲ್ಲ, ಆಬ್ಸೆಂಟ್ ಹಾಕ್ಕೊಂಡ್ ಹೋಗ್ತಾ ಇರ್ತೀವಿ ಅಷ್ಟೇ.'

ಸಾಮಿಯಾಳ ಕೈ ತಾನಾಗಿಯೇ ಬುರ್ಖಾದ ತೋಳಿನೊಳಗೆ ಸರಿಯಿತು. ಡಾಕ್ಟರು ಮುಟ್ಟದೆಯೇ ನೋವಿನ ಜಾಗ ಹೇಳಿದಂತೆ ಆಯಿತು. ಅವಳ ಸರ್ಟಿಫಿಕೇಟುಗಳನ್ನು ಆಫೀಸಿನಲ್ಲಿ ನೋಡಿದವರಿಗೂ ಅದು ಕಂಡಿರಲಿಲ್ಲ.

'ಅಲ್ರೀ ಸರ' ಎಂದಳು ಮಾನಮ್ಮ. 'ಸಾಲಿ ಬಿಡೋ ಹುಡುಗಿ ನಾನ್ರಿ. ನಂಗ ಬಂದಿತ್ರಿ ಆ ಚೀಟಿ.'

ಎಲ್ಲರೂ ಅವಳ ಕಡೆ ತಿರುಗಿದರು. 'ನೀವಾ? ಇಡೀ ಕ್ಲಾಸ್ ನಕ್ಕಿದ್ದೇ ನಕ್ಕಿದ್ದು!' ಸುಜಾತಾ ಅಂದಳು.

'ಹಂಗೇ ಇರ್ತಾರ್ರಿ. ನಮ್ಮಕ್ಕ ಜಟ್ಟೆಮ್ಮ ಸಾಲಿ ಬಿಡೋ ದಿನಾನೂ ನಕ್ಕೋಂತನ ಇದ್ಳು. ಮಾಸ್ತರ್ ಕೂಡ ಜೋಕ್ ಮಾಡಿ, ಎಲ್ಲಾರ್ಗೂ ಹುಣಸಿಹಣ್ಣು ಹಂಚಿ ಬಂದ್ಳು. ಮರುದಿನ ದುಡ್ಯಾಕ ಹೋದ್ಳು.' ಇಷ್ಟು ಹೇಳಿ ಮಾನಮ್ಮ ಮತ್ತೆ ನಕ್ಕಳು. ಈ ಸಲ ಅವಳ ಜೊತೆ ಯಾರೂ ನಗಲಿಲ್ಲ.

ವೆಂಕಟಮ್ಮ ಪೆನ್ನಿನ ಕ್ಯಾಪು ತೆಗೆದು ಫೈಲಿನಲ್ಲಿ ಏನೋ ಹೊಡೆದುಹಾಕಿದರು. 'ಲಕ್ಷ್ಮಿಕಾಂತ್, ಇಡೀ ಆಟ ಇರೋದೇ ಈ ಒಂದ್ ಚೀಟಿಗೆ. ಅದನ್ನೇ ತಪ್ಪಿಸಿಬಿಟ್ರಲ್ಲ.' ಆಮೇಲೆ ಸಾಮಿಯಾಳ ಕಡೆ ತಿರುಗಿದಾಗ ಅವರ ಮುಖ ಅರಳಿತು. 'ಆದ್ರೆ ಏನ್ ಆ್ಯಕ್ಟಿಂಗ್ ರೀ ನಿಮ್ದು! ಲೇಟಾಗಿ ಬಂದಿದ್ದೇನು, ಆ ಕಣ್ಣೀರೇನು! ನಾನೇ ಒಂದ್ ಕ್ಷಣ ನಂಬ್ಬಿಟ್ಟೆ. ನಿಮ್ದು ಬಾಯಿ ಬಿಡದ ಮಗು, ಅಲ್ವಾ? ಅದನ್ನ ಬರೆಯುವಾಗ್ಲೇ ಅಂದ್ಕೊಂಡೆ, ಯಾರಿಗ್ ಬರುತ್ತೋ ಅಂತ.'

ಅಲ್ಲ ಎನ್ನಲು ಒಂದು ಪದ ಸಾಕಿತ್ತು. ಸಾಮಿಯಾ ತಲೆಯಾಡಿಸಿದಳು. ತಲೆ ಹೌದೆಂಬ ಕಡೆಗೇ ಆಡಿತು.

ಚಹಾ ಬಂತು. ಮುನಿಶಾಮಮ್ಮ ಮೇಜಿನ ಮೇಲಿನ ಸ್ಟೀಲಿನ ಡಬ್ಬಿಯನ್ನು ಕಸದ ಬುಟ್ಟಿಗೆ ಕವುಚಿ, ಸೆರಗಿನಲ್ಲಿ ಒಮ್ಮೆ ಒರೆಸಿ, ಅದರ ತುಂಬ ಬಿಸ್ಕತ್ತು ತುಂಬಿಕೊಂಡು ಹಂಚುತ್ತ ಬಂದಳು. 'ತಗೋ ಕಣಮ್ಮ, ಎರಡ್ ತಗೋ, ಅತ್ತಿದ್ದೀಯ' ಎಂದಳು. ಬುಟ್ಟಿಗೆ ಬಿದ್ದದ್ದರಲ್ಲಿ ಎತ್ತದೇ ಉಳಿದ ಒಂದು ಚೀಟಿ ಇತ್ತೆಂಬುದು ಸಾಮಿಯಾಗೆ ಮಾತ್ರ ಗೊತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದು ನೋಡಬೇಕೆನಿಸಲಿಲ್ಲ. ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು, ಅದು ಕರಗುವುದನ್ನು ನೋಡುತ್ತ ಕಾರಿಡಾರಿಗೆ ಬಂದಳು.

ಅಲ್ಲಿ ಕಟ್ಟೆಯ ಮೇಲೆ ಲಕ್ಷ್ಮಿಕಾಂತ ಕೂತಿದ್ದ. ತೊಡೆಯ ಮೇಲೆ ಆ ಎರಡು ಪುಸ್ತಕಗಳು. ಎಳೆದರೆ ಬರುವುದಿಲ್ಲವೆಂದು, ಒಂದೊಂದೇ ಹಾಳೆಯನ್ನು ಎತ್ತಿ ಬೇರೆ ಮಾಡುತ್ತಿದ್ದ.

'ಸೂಪರಾಗ್ ಮಾಡಿದ್ರಿ ರೀ' ಎಂದ. ಮತ್ತೆ 'ರೀ' ಬಂದಿತ್ತು. 'ನಾನ್ ಪೂರ್ತಿ ಮೋಸ ಹೋದೆ. ನಮ್ ತಿಪ್ಪಸಂದ್ರದ ಟ್ಯೂಷನ್‌ನಲ್ಲಿ ಒಂದ್ ಹುಡ್ಗಿ ಇದ್ಲು, ಸೇಮ್ ಹಿಂಗೇ ಕೂರೋಳು. ಕೈ ತೋಳೊಳಗೆ ಎಳ್ಕೊಂಡು. ಒಂದಿನ ಬರೋದ್ ನಿಲ್ಲಿಸಿದ್ಲು. ಅದ್ಕೇ ನಿಮ್ಮನ್ನ ನೋಡಿ ಅಷ್ಟ್ ಗ್ಯಾರಂಟಿಯಾಗ್ ಹೇಳ್ಬಿಟ್ಟೆ.'

ಅವಳು ತನ್ನ ಕೈ ನೋಡಿಕೊಂಡಳು. ಈಗಲೂ ತೋಳಿನೊಳಗಿತ್ತು. 'ನೀವ್ ಆಮೇಲೆ ಅವಳನ್ನ ಹುಡುಕ್ಕೊಂಡ್ ಹೋದ್ರಾ?' ಎಂದು ಕೇಳಿದಳು.

'ಹೋಗ್ಬೇಕಿತ್ತು' ಎಂದ. ಒಂದು ಹಾಳೆ ಎತ್ತಿದ. 'ಆಫೀಸ್ ಕೆಲ್ಸನೂ ಕೆಟ್ಟದ್ದೇನಲ್ಲ ಬಿಡಿ. ಎರಡ್ ಸ್ಕೂಲಲ್ಲಿ ಅದನ್ನೇ ಮಾಡಿದ್ದೀನಿ, ಕತ್ರಿ ಹಿಡಿಯೋದ್ರಲ್ಲಿ ನಾನ್ ಎಕ್ಸ್‌ಪರ್ಟು.' ನಕ್ಕ. ನಗು ನಿಜವಾದದ್ದೇ ಇರಬಹುದು. ನಿಜ ಹೇಳಿಬಿಡಬಹುದಾಗಿತ್ತು, ಇಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅವನೊಬ್ಬನಿಗೇ ಹೇಳಿದರೆ ಅದು ಏನನ್ನೂ ಬದಲಿಸುವುದಿಲ್ಲ. ಅವಳ ಮನಸ್ಸಿನ ಭಾರ ಅವನ ಮೇಲೆ ಹೋಗುತ್ತದೆ, ತರಗತಿ ಅವಳಿಗೇ ಸಿಗುತ್ತದೆ. ಆ ಲೆಕ್ಕ ಎಷ್ಟು ಬೇಗ, ಎಷ್ಟು ಸಲೀಸಾಗಿ ತನಗೆ ಹೊಳೆಯಿತೆಂಬುದೇ ಅವಳನ್ನು ಬೆಚ್ಚಿಸಿತು. ಲೋಟ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದಳು.

ಮತ್ತೆ ಎಲ್ಲರೂ ಕೂತಮೇಲೆ ವೆಂಕಟಮ್ಮ ಫೈಲು ಮುಚ್ಚಿಟ್ಟುಕೊಂಡೇ ಹೇಳಿದರು. ಎಂಟನೇ ತರಗತಿ ಸಾಮಿಯಾಗೆ. 'ಮಗು ಮನಸ್ಸು ಗೊತ್ತಿಲ್ದೆ ಇದ್ರೆ ಆ ಥರ ಕೂರಕ್ಕಾಗಲ್ಲ. ಲಕ್ಷ್ಮಿಕಾಂತ್, ನೀವು ಸದ್ಯಕ್ಕೆ ಆಫೀಸಲ್ಲಿರಿ, ಆಮೇಲೆ ನೋಡೋಣ.' ಲಕ್ಷ್ಮಿಕಾಂತ 'ಆಯ್ತು ಮೇಡಂ' ಎಂದ. ಕೆಲವರು ಚಪ್ಪಾಳೆ ತಟ್ಟಿದರು. ಮಾನಮ್ಮ ಅವಳ ತೊಡೆ ಚಿವುಟಿ 'ಪೇಡೆ ಕೊಡಸ್ಬೇಕ್ ನೋಡ್ರಿ' ಎಂದಳು. ಬ್ಯಾಗುಗಳ ಜಿಪ್ಪು ಎಳೆಯುವ ಸದ್ದು ಶುರುವಾಯಿತು. ಸಾಮಿಯಾ ತನ್ನ ಬ್ಯಾಗಿಗೆ ಕೈ ಹಾಕಿದಳೋ ಇಲ್ಲವೋ, ನೋಡಿದರೆ ಕೈ ಮೇಲಿತ್ತು. ಭುಜಕ್ಕಿಂತ ಸ್ವಲ್ಪವೇ ಮೇಲೆ, ಬೆರಳುಗಳು ಅರ್ಧ ಮಡಚಿಕೊಂಡು, ಯಾರೂ ನೋಡದಿದ್ದರೆ ಇಳಿಸಿಬಿಡಬಹುದೆಂಬ ಹಾಗೆ.

ವೆಂಕಟಮ್ಮ ನೋಡಿದರು. 'ಏನಮ್ಮ?'

'ಲಕ್ಷ್ಮಿಕಾಂತ್ ಸರ್ ಹೇಳಿದ್ದು ಸರಿ ಮೇಡಂ' ಎಂದಳು.

'ಜೋರಾಗ್ ಹೇಳಿ.'

'ನಾನು ಚೀಟಿ ಎತ್ತಿರ್ಲಿಲ್ಲ. ಆ್ಯಕ್ಟ್ ಮಾಡ್ಲಿಲ್ಲ. ನಿಜವಾಗ್ಲೂ ಲೇಟಾಯ್ತು, ನಿಜವಾಗ್ಲೂ ಮಾತು ಬರ್ಲಿಲ್ಲ.' ದನಿ ಕೋಣೆಯ ಆಚೆ ತುದಿಗೆ ಮುಟ್ಟುತ್ತಿತ್ತು. 'ಎಂಟನೇ ಕ್ಲಾಸಲ್ಲಿ ನಾನು ಸ್ಕೂಲ್ ಬಿಟ್ಟಿದ್ದೆ. ಅವರು ನೋಡಿದ್ದು ಅದನ್ನೇ. ಸರಿಯಾಗೇ ಗುರುತಿಸಿದ್ರು.'

ಸುಜಾತಾ ನಗಲು ಹೋಗಿ ನಿಲ್ಲಿಸಿದಳು. ಜಿಪ್ಪುಗಳ ಸದ್ದು ನಿಂತಿತು. ವೆಂಕಟಮ್ಮ ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಕೋಪ ಬಂದಿತ್ತೋ, ಅಥವಾ ಅವಳನ್ನು ಹಾಗೆ ಹೊಗಳಿದ್ದಕ್ಕೆ ಪೆಚ್ಚಾಗಿದ್ದರೋ ತಿಳಿಯುವಂತಿರಲಿಲ್ಲ.

'ಹಾಗಾದ್ರೆ ಈಗ ನಾನೇನ್ ಮಾಡ್ಲಿ?' ಎಂದರು. 'ಎಂಟನೇ ಕ್ಲಾಸ್ ಯಾರಿಗ್ ಕೊಡ್ಲಿ? ನೀವೇ ಹೇಳಿ.'

ಕೇಳಿ, ಕಾದರು. ಮೇಜಿನ ಅಂಚಿನಲ್ಲಿ ಅವರ ಹೆಬ್ಬೆರಳು ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ನಡೆಯತೊಡಗಿತು. ಎಲ್ಲರೂ ಕಾಯುತ್ತಿದ್ದ ಉತ್ತರ ಯಾವುದೆಂದು ಸಾಮಿಯಾಗೆ ಗೊತ್ತಿತ್ತು. ಅದು ಒಳ್ಳೆಯ ಉತ್ತರ, ಅವನಿಗೆ ಕೊಡಿ ಎಂದು ಹೇಳಿ ಕೂತುಬಿಟ್ಟರೆ ಎಲ್ಲರಿಗೂ ಹಗುರವಾಗುತ್ತದೆ. ಕೂತ್ಕೊ, ನೆಕ್ಸ್ಟ್. ಮುಂದಿನ ಬೆಂಚಿನಲ್ಲಿ ಲಕ್ಷ್ಮಿಕಾಂತ ತಲೆ ತಗ್ಗಿಸಿ ಪುಸ್ತಕಗಳ ಹಾಳೆ ಎತ್ತುತ್ತಿದ್ದ, ಅವನಿಗೂ ಆ ಉತ್ತರ ಗೊತ್ತಿರಬೇಕು, ಈಗ ಅವನ ಬೆರಳು ನಿಂತಿತ್ತು. ಜೂನ್‌ನಲ್ಲಿ ಯಾರೋ ಒಬ್ಬ ಹುಡುಗಿ ಮೀನಖಂಡದವರೆಗಿನ ಸ್ಕರ್ಟು ತೊಟ್ಟು ಕೊನೆಯ ಬೆಂಚಿಗೆ ಬಂದು ಕೂರುತ್ತಾಳೆ.

'ನನಗೇ ಕೊಡಿ ಮೇಡಂ' ಎಂದಳು.

ವೆಂಕಟಮ್ಮನವರ ಹೆಬ್ಬೆರಳು ಇದ್ದಲ್ಲೇ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಫೈಲನ್ನೂ ತೆರೆಯಲಿಲ್ಲ. 'ಜೂನ್ ಒಂದಕ್ಕೆ ಬೇಗ ಬನ್ನಿ' ಎಂದಷ್ಟೇ ಹೇಳಿ ಎದ್ದರು. ಲಕ್ಷ್ಮಿಕಾಂತ ಕೊನೆಯ ಹಾಳೆಯನ್ನೂ ಬಿಡಿಸಿ, ಎರಡು ಪುಸ್ತಕಗಳನ್ನು ಬೇರೆ ಬೇರೆ ಮಾಡಿ, ಅವಳ ಮುಖ ನೋಡದೆ ಅವಳ ಬೆಂಚಿನ ಮೇಲಿಟ್ಟು ಹೋದ. ಎಂಟನೇ ತರಗತಿಗೆ ಬೇಕಾಗುತ್ತವೆ. ಹಾಳೆಗಳ ಅಂಚು ಬಾಗಿ ಮೇಲೆದ್ದಿತ್ತು. ಸಾಮಿಯಾ ಅವುಗಳನ್ನು ಒತ್ತಿ ಹಿಡಿದುಕೊಂಡು, ಎಲ್ಲರೂ ಹೋಗುವವರೆಗೆ ಅಲ್ಲೇ ಕೂತಿದ್ದಳು.